ಕೈ ಒಪ್ಪಿದ ಪಿಸ್ತೂಲ್

ಏರ್ ಪಿಸ್ತೂಲ್ ಕೊಳ್ಳುತ್ತೇನೆ ಎಂದಾಗ ಉಡುಪಿಯ ನಮ್ಮ ಬಂಧುಗಳೆಲ್ಲ ಲೈಸೆನ್ಸ್ ಬಗ್ಗೆ ಕೇಳಿದರು. ಮಂಗಳೂರಿನ ಶೂಟಿಂಗ್ ರೇಂಜಿನ ಜೊತೆಗಾರರು ಕಂಪನಿಯ ಬಗ್ಗೆ ಕೇಳಿದರು. ಮೊದಲನೆಯದಕ್ಕೆ ಉತ್ತರ ಸುಲಭವಾಗಿತ್ತು. ಎರಡನೆಯದಕ್ಕೆ ಉತ್ತರ ಹುಡುಕುವಷ್ಟರಲ್ಲಿ ಒಂದು ಮಳೆಗಾಲವೇ ಕಳೆಯಿತು.

ಸುಲಭದ್ದನ್ನು ಮೊದಲು ಹೇಳಿ ಮುಗಿಸುತ್ತೇನೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ .177 ಕ್ಯಾಲಿಬರಿನ, ಅಂದರೆ 4.5 ಮಿ.ಮೀ. ಪೆಲೆಟ್ ಹಾರಿಸುವ, 20 ಜೂಲ್‌ಗಿಂತ ಕಡಿಮೆ ಶಕ್ತಿಯ ಗಾಳಿಕೋವಿಗೆ ಪರವಾನಗಿ ಬೇಕಿಲ್ಲ. ಸ್ಪರ್ಧೆಯ ಏರ್ ಪಿಸ್ತೂಲಿನಿಂದ ಅರ್ಧ ಗ್ರಾಂ ಆಸುಪಾಸಿನ ಸೀಸದ ಪೆಲೆಟ್ ಸೆಕೆಂಡಿಗೆ ಸುಮಾರು 150 ಮೀಟರ್ ವೇಗದಲ್ಲಿ ಹೊರಡುತ್ತದೆ. ಲೆಕ್ಕ ಹಾಕಿದರೆ ಆರು ಜೂಲ್ ಸಮೀಪಕ್ಕೆ ಬರುತ್ತದೆ. ಹಾಗಾಗಿ ಗುರುತಿನ ಚೀಟಿ, ವಿಳಾಸದ ದಾಖಲೆ ಕೊಟ್ಟು ಅಂಗಡಿಯಿಂದ ರಸೀದಿ ಪಡೆದರೆ ಕೊಳ್ಳಬಹುದು. ಆ ರಸೀದಿಯ ಪ್ರತಿಯನ್ನು ಪಿಸ್ತೂಲಿನ ಪೆಟ್ಟಿಗೆಯಲ್ಲೇ ಇಟ್ಟಿರುತ್ತೇನೆ. ಚುನಾವಣೆಯ ಸಮಯದಲ್ಲಿ ಹೆದ್ದಾರಿಯಲ್ಲಿ ತಪಾಸಣೆ ನಡೆಯುವಾಗ ಉದ್ದ ವಿವರಣೆಗಿಂತ ಒಂದು ಕಾಗದ ಹೆಚ್ಚು ಕೆಲಸ ಮಾಡುತ್ತದೆ.

ಬಂಧುಗಳು ಲೈಸೆನ್ಸ್ ಕೇಳಿದ್ದರಲ್ಲಿ ಆಶ್ಚರ್ಯವಿಲ್ಲ. ಕಾರ್ಕಳದ ಕಡೆಯ ನಮ್ಮ ಹಿರಿಯರ ಮನೆಯಲ್ಲಿ ಬೆಳೆ ರಕ್ಷಣೆಯ ಕೋವಿ ಇದೆ. ಕಾಡುಹಂದಿ, ಮಂಗಗಳ ಕಾಟದಿಂದ ತೋಟ ಉಳಿಸಿಕೊಳ್ಳಲು ಅಜ್ಜನ ಕಾಲದಲ್ಲಿ ಪಡೆದ ಜೋಡಿ ನಳಿಗೆಯ ಕೋವಿ ಅದು. ಚುನಾವಣೆ ಘೋಷಣೆಯಾದರೆ ಚಿಕ್ಕಪ್ಪ ಅದನ್ನು ಠಾಣೆಗೆ ಒಪ್ಪಿಸಿ ಬರುತ್ತಾರೆ, ಮುಗಿದ ಮೇಲೆ ಹೋಗಿ ತರುತ್ತಾರೆ. ಆಯುಧಪೂಜೆಯ ದಿನ ಕತ್ತಿ, ಹಾರೆಗಳ ಪಕ್ಕದಲ್ಲಿ ಅದಕ್ಕೂ ಒಂದು ಹೂವು. ಆ ಕೋವಿ ಬಿಟ್ಟು ಬೇರೆಯದನ್ನು ಅವರು ಕೈಯಲ್ಲಿ ಹಿಡಿಯುವುದಿಲ್ಲ. "ನನ್ನ ಭುಜಕ್ಕೆ ಇದರದ್ದೇ ಅಭ್ಯಾಸ" ಎನ್ನುತ್ತಾರೆ. ಚಿಕ್ಕವಳಿದ್ದಾಗ ಅದು ಹಟದ ಮಾತೆಂದು ತೋರುತ್ತಿತ್ತು. ಈಗ ಅದರಲ್ಲಿ ಎಷ್ಟು ಸತ್ಯವಿದೆ, ಎಷ್ಟಿಲ್ಲ ಎಂಬುದನ್ನು ನನ್ನ ಕೈಯಿಂದಲೇ ತಿಳಿದಿದ್ದೇನೆ.

ನಾನು ಉಡುಪಿಯ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ಕಾಲೇಜಿನ ದಿನಗಳಲ್ಲಿ ಎನ್‌ಸಿಸಿ ಶಿಬಿರದಲ್ಲಿ .22 ರೈಫಲ್ ಹಿಡಿದದ್ದು ಬಿಟ್ಟರೆ ಈ ಕ್ರೀಡೆಯ ಪರಿಚಯವಿರಲಿಲ್ಲ. ನಲವತ್ತರ ಹೊಸ್ತಿಲಲ್ಲಿ ಪಿಸ್ತೂಲಿಗೆ ಬಂದೆ. ವಯಸ್ಸಾಯಿತಲ್ಲ ಎಂದವರಿಗೆ ಪ್ರಕಾಶ್ ನಂಜಪ್ಪ ಅವರ ಹೆಸರು ಹೇಳುತ್ತಿದ್ದೆ. ಬೆಂಗಳೂರಿನ ಅವರು ಸಾಫ್ಟ್‌ವೇರ್ ಉದ್ಯೋಗದಲ್ಲಿದ್ದವರು. 2013ರಲ್ಲಿ ಚಾಂಗ್ವಾನ್ ವಿಶ್ವಕಪ್ಪಿನ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಕಂಚು ಗೆದ್ದರು, 2016ರಲ್ಲಿ ರಿಯೊ ಒಲಿಂಪಿಕ್ಸಿಗೆ ಹೋದರು. ನನಗೆ ಒಲಿಂಪಿಕ್ಸಿನ ಆಸೆಯಿಲ್ಲ. ಹತ್ತು ಮೀಟರ್ ದೂರದಲ್ಲಿರುವ, 11.5 ಮಿ.ಮೀ. ಅಗಲದ ಹತ್ತು ಅಂಕದ ವೃತ್ತವನ್ನು ಕೈ ನಡುಗದೆ ಮುಟ್ಟಬೇಕು ಎಂಬ ಆಸೆ ಮಾತ್ರ ತುಂಬ ಇದೆ.

ಶನಿವಾರ ಶಾಲೆ ಬಿಟ್ಟ ಮೇಲೆ ಎಕ್ಸ್‌ಪ್ರೆಸ್ ಬಸ್ ಹತ್ತಿ, ಪಡುಬಿದ್ರಿ, ಮೂಲ್ಕಿ, ಸುರತ್ಕಲ್ ದಾಟಿ ಮಂಗಳೂರಿಗೆ ಹೋಗಿ, ರೇಂಜಿನ ಸಾಮಾನ್ಯ ಬಳಕೆಯ ಪಿಸ್ತೂಲಿನಲ್ಲಿ ಅಭ್ಯಾಸ ಮಾಡುತ್ತಿದ್ದೆ. ಹತ್ತಾರು ಕೈಗಳು ಹಿಡಿಯುವ ಪಿಸ್ತೂಲ್ ಅದು. ನನಗಿಂತ ಮೊದಲು ಹಿಡಿದ ಹುಡುಗ ಗುರಿ ನೋಡುವ ಹಿಂದಿನ ಸೀಳನ್ನು, ಅಂದರೆ ಗುರಿಕಿಂಡಿಯನ್ನು, ತನ್ನ ಕಣ್ಣಿಗೆ ಸರಿಪಡಿಸಿಕೊಂಡಿರುತ್ತಾನೆ, ಅಂಗೈ ಆಸರೆಯನ್ನು ತನ್ನ ಅಳತೆಗೆ ಇಳಿಸಿರುತ್ತಾನೆ. ಮೊದಲ ಅರ್ಧ ಗಂಟೆ ಅದನ್ನೆಲ್ಲ ಹಿಂದಕ್ಕೆ ತರುವುದರಲ್ಲೇ ಹೋಗುತ್ತಿತ್ತು. ಸ್ವಂತದ್ದು ಬೇಕೆನ್ನಿಸಿದ್ದು ಇದಕ್ಕೇ.

ಈ ಕ್ರೀಡೆಯಲ್ಲಿ ಮತ್ತೆ ಮತ್ತೆ ಕೇಳುವ ಹೆಸರುಗಳು ಬೆರಳೆಣಿಕೆಯಷ್ಟು. ಆಸ್ಟ್ರಿಯಾದ ಸ್ಟೈಯರ್, ಸ್ವಿಟ್ಜರ್ಲೆಂಡಿನ ಮೊರಿನಿ, ಇಟಲಿಯ ಪಾರ್ದಿನಿ, ಜರ್ಮನಿಯ ವಾಲ್ಥರ್ ಮತ್ತು ಫೈನ್‌ವೆರ್ಕ್‌ಬೌ. ಇವೆಲ್ಲವೂ ಆಮದಾಗಿ ಬರುವಂಥವು. ಬೆಲೆ ಒಂದೂವರೆ ಲಕ್ಷ ರೂಪಾಯಿಯಿಂದ ಎರಡು ಲಕ್ಷ ದಾಟುವವರೆಗೂ ಹೋಗುತ್ತದೆ. ಶಿಕ್ಷಕಿಯ ಸಂಬಳಕ್ಕೆ ಇದು ಒಮ್ಮೆ ಮಾತ್ರ ಮಾಡಬಹುದಾದ ಖರ್ಚು. ಆದ್ದರಿಂದಲೇ ಪ್ರತಿಯೊಬ್ಬರ ಮಾತನ್ನೂ ಕಿವಿಗೊಟ್ಟು ಕೇಳಿದೆ.

ನಮ್ಮ ಕೋಚ್ ನಿವೃತ್ತ ಸೈನಿಕರು. ಅವರದು ಸ್ಟೈಯರ್ ಪಕ್ಷ. "ಮೇಡಂ, ಎಲ್‌ಪಿ 10 ತೆಗೆದುಕೊಳ್ಳಿ. ಬೇರೆ ಯೋಚನೆಯೇ ಬೇಡ" ಎಂದು ಮೊದಲ ದಿನವೇ ತೀರ್ಪು ಕೊಟ್ಟರು. ಆ ಪಿಸ್ತೂಲಿನೊಳಗೆ ಪೆಲೆಟ್ ಹೊರಡುವ ಕ್ಷಣದ ಸಣ್ಣ ಹಿಂದೂಡಿಕೆಯನ್ನು ಹೀರಿಕೊಳ್ಳುವ ವ್ಯವಸ್ಥೆಯಿದೆ. ನಳಿಕೆಯ ತುದಿ ಎಗರದಂತೆ ಮೇಲ್ಭಾಗದಲ್ಲಿ ಗಾಳಿ ಹೊರಬಿಡುವ ರಂಧ್ರಗಳೂ ಇವೆ. ಟ್ರಿಗರ್ ಪೂರ್ಣ ಯಾಂತ್ರಿಕ. ರೇಂಜಿಗೆ ಬರುವ ಹಿರಿಯ ವೈದ್ಯರೊಬ್ಬರದು ಮೊರಿನಿ ಪಕ್ಷ. ಅವರ ಬಳಿ ಇದ್ದದ್ದು ಸಿಎಂ 162 ಇಐ, ಎಲೆಕ್ಟ್ರಾನಿಕ್ ಟ್ರಿಗರಿನದು. ಹಿಂದೂಡಿಕೆ ಹೀರುವ ಯಾವ ಏರ್ಪಾಡೂ ಅದರಲ್ಲಿಲ್ಲ. ರಚನೆ ಬಲು ಸರಳ. "ನಿಮ್ಮ ಕೋಚ್ ಹೇಳುವುದನ್ನು ಕೇಳಿ ಮಾರಾಯರೇ, ಬೇಡ ಎನ್ನುವುದಿಲ್ಲ. ಒಮ್ಮೆ ಇದರ ಟ್ರಿಗರ್ ಎಳೆದು ನೋಡಿ, ಆಮೇಲೆ ಮಾತನಾಡೋಣ" ಎಂದು ತಮ್ಮ ಪಿಸ್ತೂಲನ್ನೇ ಕೈಗೆ ಕೊಟ್ಟರು.

ಎಳೆದು ನೋಡಿದೆ. ಆ ಅನುಭವವನ್ನು ನಿಧಾನವಾಗಿ ಹೇಳಬೇಕು. 10 ಮೀಟರ್ ಏರ್ ಪಿಸ್ತೂಲಿನ ಟ್ರಿಗರಿಗೆ ಕನಿಷ್ಠ 500 ಗ್ರಾಂ ಭಾರ ಇರಲೇಬೇಕೆಂಬುದು ಅಂತರರಾಷ್ಟ್ರೀಯ ನಿಯಮ. ಸ್ಪರ್ಧೆಗೆ ಮೊದಲು ಅಧಿಕಾರಿಗಳು ತೂಕದ ಬಟ್ಟನ್ನು ಟ್ರಿಗರಿಗೆ ಸಿಕ್ಕಿಸಿ ಎತ್ತಿ ಪರೀಕ್ಷಿಸುತ್ತಾರೆ. ಈ 500 ಗ್ರಾಂ ಎಲ್ಲ ಪಿಸ್ತೂಲಿಗೂ ಒಂದೇ. ಆದರೆ ಬೆರಳಿಗೆ ಅದು ಸಿಗುವ ಬಗೆ ಒಂದೊಂದರಲ್ಲೂ ಬೇರೆ. ಮೊದಲ ಹಂತದಲ್ಲಿ ಬೆರಳು ಸ್ವಲ್ಪ ಹಿಂದಕ್ಕೆ ಸರಿಯುತ್ತದೆ, ಒಂದು ಕಡೆ ತಡೆ ಸಿಗುತ್ತದೆ, ಆ ತಡೆಯ ಮೇಲೆ ಒತ್ತಡ ಕೂಡುತ್ತ ಹೋದಾಗ ಪೆಲೆಟ್ ಹೊರಡುತ್ತದೆ. ಮೊರಿನಿಯಲ್ಲಿ ತಡೆ ಸಿಕ್ಕಿದ್ದು ಗೊತ್ತಾಗುತ್ತದೆ, ಬಿಡುಗಡೆಯಾದದ್ದು ಗೊತ್ತಾಗುತ್ತದೆ, ಇವೆರಡರ ನಡುವೆ ಯಾವ ತೆವಳಾಟವೂ ಇಲ್ಲ. ವೈದ್ಯರ ಅಭಿಮಾನ ನನಗೆ ಆ ಕ್ಷಣದಲ್ಲೇ ಅರ್ಥವಾಯಿತು. ಅವರು ಕಂಪನಿಯ ಮುದ್ರೆಗೆ ಮರುಳಾದವರಲ್ಲ. ಸಾವಿರಾರು ಬಾರಿ ಆ ಬಿಡುಗಡೆಯನ್ನು ಕಾದ ಬೆರಳು ಅವರದು.

ಕೋಚ್ ಅವರದೂ ಹಾಗೆಯೇ. ಸ್ಟೈಯರಿನಲ್ಲಿ ಗುರಿಕಿಂಡಿ ಪೆಲೆಟ್ ಹೊರಟ ಮೇಲೂ ಬಹುತೇಕ ಇದ್ದಲ್ಲೇ ಇರುತ್ತದೆ. ಹೊಡೆದ ಮೇಲೂ ಕೈ ಇಳಿಸದೆ ಎರಡು ಸೆಕೆಂಡು ನಿಲ್ಲುವುದು ಅವರು ಕಲಿಸುವ ಮೊದಲ ಪಾಠ. ಆ ಪಾಠಕ್ಕೆ ಹೊಂದುವ ಯಂತ್ರವನ್ನು ಅವರು ಹೊಗಳುವುದು ಸಹಜ.

ನನ್ನ ತೊಂದರೆ ಬೇರೆಯದೇ ಆಗಿತ್ತು. ನನ್ನ ಕೈ ಚಿಕ್ಕದು. ಕೋಚ್ ಅವರ ಪಿಸ್ತೂಲಿನಲ್ಲೂ ವೈದ್ಯರ ಪಿಸ್ತೂಲಿನಲ್ಲೂ ತೋರುಬೆರಳ ತುದಿ ಟ್ರಿಗರಿನ ಮೇಲೆ ಸರಿಯಾಗಿ ಕೂರುತ್ತಿರಲಿಲ್ಲ. ಕೂರಿಸಲು ಹೋದರೆ ಹಿಡಿಯನ್ನು ಅಂಗೈಯಲ್ಲಿ ತಿರುಗಿಸಿಕೊಳ್ಳಬೇಕಾಗುತ್ತಿತ್ತು, ತಿರುಗಿಸಿದರೆ ಮಣಿಕಟ್ಟು ಸೊಟ್ಟಗಾಗುತ್ತಿತ್ತು. ಯಾರ ಬ್ರ್ಯಾಂಡ್ ಅಭಿಮಾನವೂ ಈ ಪ್ರಶ್ನೆಗೆ ಉತ್ತರ ಕೊಡಲಾರದು. ಅವರವರ ಅಭಿಮಾನ ಬೆಳೆದದ್ದು ಅವರವರ ಅಂಗೈ ಅಳತೆಯಲ್ಲಿ. ಒಬ್ಬರ ಪಾದಕ್ಕೆ ಹೊಂದಿದ ಚಪ್ಪಲಿಯನ್ನು ಇನ್ನೊಬ್ಬರಿಗೆ ಒಳ್ಳೆಯದೆಂದು ಕೊಟ್ಟರೆ ನಡೆಯಲಾದೀತೇ?

ಆಗ ಕೋಚ್ ಒಂದು ಪರೀಕ್ಷೆ ಹೇಳಿಕೊಟ್ಟರು. ಪಿಸ್ತೂಲ್ ಕೊಳ್ಳುವವರೆಲ್ಲ ಇದನ್ನು ಮಾಡಲೇಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಗುರಿಯ ಕಡೆ ಪಕ್ಕಕ್ಕೆ ತಿರುಗಿ ನಿಂತು, ಪಿಸ್ತೂಲಿಲ್ಲದ ಕೈಯನ್ನು ಜೇಬಿನಲ್ಲೋ ಸೊಂಟದ ಪಟ್ಟಿಯಲ್ಲೋ ಊರಿ, ಕಣ್ಣು ಮುಚ್ಚಿ, ಉಸಿರು ತೆಗೆದು, ತೋಳನ್ನು ಭುಜದ ಮಟ್ಟಕ್ಕೆ ಎತ್ತಬೇಕು. ನೆಮ್ಮದಿಯಾಗಿ ನಿಂತ ಮೇಲೆ ಕಣ್ಣು ತೆರೆದು ನೋಡಬೇಕು. ನಳಿಕೆಯ ತುದಿಯ ಗುರಿಮೊಳೆ ಹಿಂದಿನ ಗುರಿಕಿಂಡಿಯ ನಡುವೆ ತಾನಾಗಿಯೇ ನಿಂತಿದೆಯೇ? ಎಡಕ್ಕೆ ಹೋಗಿದ್ದರೆ, ಬಲಕ್ಕೆ ಹೋಗಿದ್ದರೆ, ತಗ್ಗಿದ್ದರೆ ಹಿಡಿ ನಿಮ್ಮ ಕೈಗೆ ಹೇಳಿ ಮಾಡಿಸಿದ್ದಲ್ಲ. ಮಣಿಕಟ್ಟಿನಿಂದ ಅದನ್ನು ಸರಿಪಡಿಸಿ ಒಂದೆರಡು ಗುಂಡು ಚೆನ್ನಾಗಿ ಹೊಡೆಯಬಹುದು, ಅರವತ್ತು ಹೊಡೆಯಲಾಗದು. ಮಹಿಳೆಯರ ಸ್ಪರ್ಧೆಯಲ್ಲಿ ಹಿಂದೆ 40 ಗುಂಡುಗಳಿದ್ದವು. 2018ರಿಂದ ಪುರುಷರಂತೆ 60. ಒಂದು ಗಂಟೆ ಹದಿನೈದು ನಿಮಿಷದ ಅವಧಿಯಲ್ಲಿ ಸುಮಾರು ಒಂದು ಕಿಲೋ ಭಾರವನ್ನು ಚಾಚಿದ ಒಂದೇ ಕೈಯಲ್ಲಿ ಅಷ್ಟು ಬಾರಿ ಎತ್ತಬೇಕು. ಮಣಿಕಟ್ಟು ಸುಳ್ಳು ಹೇಳುತ್ತ ನಿಂತರೆ ನಲವತ್ತನೇ ಗುಂಡಿನ ನಂತರ ಎಲ್ಲವೂ ಗೋಚರವಾಗುತ್ತದೆ.

ಈ ಪರೀಕ್ಷೆಯನ್ನು ಸಿಕ್ಕ ಪಿಸ್ತೂಲಿನಲ್ಲೆಲ್ಲ ಮಾಡಿದೆ. ಬೆಂಗಳೂರಿಗೆ ಹೋದಾಗ ಮಾರಾಟಗಾರರಲ್ಲಿ ವಾಲ್ಥರ್ ಎತ್ತಿ ನೋಡಿದೆ. ರೇಂಜಿನ ಒಬ್ಬ ಕಾಲೇಜು ಹುಡುಗಿಯ ಪಾರ್ದಿನಿಯನ್ನೂ ಎತ್ತಿದೆ. ಪಾರ್ದಿನಿಯ ತೂಕ ಮುಂದಕ್ಕೆ ವಾಲುತ್ತದೆ ಎಂದು ನನ್ನ ತೋಳಿಗೆ ಅನ್ನಿಸಿತು. ಅವಳಿಗೆ ಅದೇ ಬೇಕಾಗಿತ್ತು. "ಅಕ್ಕ, ಮುಂದೆ ಭಾರ ಇದ್ದರೆ ನನಗೆ ಕೈ ಅಲ್ಲಾಡುವುದಿಲ್ಲ" ಎಂದಳು. ಇಪ್ಪತ್ತರ ಭುಜ, ನಲವತ್ತರ ಭುಜ ಒಂದೇ ಅಲ್ಲ. ಚಿಕ್ಕ ಕೈಯವರಿಗೆ ಚಿಕ್ಕ ಅಳತೆಯ ಹಿಡಿ ಬಹುತೇಕ ಕಂಪನಿಗಳಲ್ಲಿ ಸಿಗುತ್ತದೆ ಎಂಬುದೂ, ಗಿಡ್ಡ ನಳಿಕೆಯ ಹಗುರ ಮಾದರಿಗಳಿವೆ ಎಂಬುದೂ ಈ ಓಡಾಟದಲ್ಲೇ ಗೊತ್ತಾಯಿತು. ಚಿಕ್ಕ ಹಿಡಿಯ ಎಲ್‌ಪಿ 10 ಒಂದನ್ನು ಹಿಡಿದು ಕಣ್ಣು ತೆರೆದಾಗ ಗುರಿಮೊಳೆ ಕಿಂಡಿಯ ನಟ್ಟನಡುವೆ ಇತ್ತು. ಚಿಕ್ಕ ಹಿಡಿಯ ಮೊರಿನಿಯಲ್ಲೂ ಹೆಚ್ಚುಕಡಿಮೆ ಅಲ್ಲೇ ಇತ್ತು. ಅಲ್ಲಿಗೆ ಉಳಿದದ್ದು ಎರಡು.

ಪದಕದ ಮಾತು ತೆಗೆಯುವವರೂ ಇದ್ದರು. ಯಾರು ಯಾವುದರಲ್ಲಿ ಗೆದ್ದರು ಎಂಬ ಪಟ್ಟಿ ಕೆಲವರ ನಾಲಿಗೆಯ ತುದಿಯಲ್ಲಿರುತ್ತದೆ. ನನಗೆ ಈ ವಾದ ಒಪ್ಪಿಗೆಯಾಗಲಿಲ್ಲ. ಈ ಐದೂ ಕಂಪನಿಗಳ ಪಿಸ್ತೂಲುಗಳು ನನ್ನ ಕೈಗಿಂತ ಎಷ್ಟೋ ಪಾಲು ಚೆನ್ನಾಗಿ ಗುರಿ ಮುಟ್ಟುತ್ತವೆ. ಟೋಕಿಯೊ ಒಲಿಂಪಿಕ್ಸಿನಲ್ಲಿ ಮನು ಭಾಕರ್ ಅವರ ಪಿಸ್ತೂಲ್ ಅರ್ಹತಾ ಸುತ್ತಿನ ನಡುವೆ ಕೆಟ್ಟು, ಅಮೂಲ್ಯ ನಿಮಿಷಗಳು ಹೋಗಿ, ಅವರು 575 ಅಂಕಗಳೊಂದಿಗೆ ಫೈನಲ್ ತಪ್ಪಿಸಿಕೊಂಡದ್ದು ಎಲ್ಲರಿಗೂ ನೆನಪಿದೆ. ಅದೇ ಮನು 2024ರಲ್ಲಿ ಪ್ಯಾರಿಸ್‌ನಲ್ಲಿ ಎರಡು ಕಂಚು ಗೆದ್ದರು. ಈ ಎರಡು ಘಟನೆಗಳಿಂದ ಒಂದು ಬ್ರ್ಯಾಂಡನ್ನು ಹೊಗಳುವುದಕ್ಕಾಗಲಿ ತೆಗಳುವುದಕ್ಕಾಗಲಿ ಬರುವುದಿಲ್ಲ. ಆದರೆ ಕೆಟ್ಟರೆ ಯಾರು ಸರಿಮಾಡುತ್ತಾರೆ, ಎಷ್ಟು ಬೇಗ, ಎಂಬ ಪ್ರಶ್ನೆ ಮಾತ್ರ ನನ್ನೊಳಗೆ ಗಟ್ಟಿಯಾಗಿ ನಿಂತಿತು.

ಕರಾವಳಿಯಲ್ಲಿ ಆ ಪ್ರಶ್ನೆಗೆ ಬಲ ಹೆಚ್ಚು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮನೆಗಳಲ್ಲಿ ಚರ್ಮದ ಬೆಲ್ಟಿಗೆ ಬೂಷ್ಟು ಹಿಡಿಯುತ್ತದೆ, ಗೋದ್ರೆಜ್ ಕಪಾಟಿನ ಮೂಲೆ ತುಕ್ಕು ಹಿಡಿಯುತ್ತದೆ. ಪಿಸ್ತೂಲನ್ನು ಒರೆಸದೆ ಪೆಟ್ಟಿಗೆಯಲ್ಲಿಟ್ಟರೆ ಬೆವರಿನ ಉಪ್ಪು ಉಕ್ಕಿನ ಭಾಗಗಳನ್ನು ತಿನ್ನತೊಡಗುತ್ತದೆ. ಮರದ ಹಿಡಿ ತೇವ ಕುಡಿದು ಬಿಗಿಯಾಗುತ್ತದೆ. ಪೆಲೆಟ್ ಹಾರಿಸುವ ಗಾಳಿಯ ಸಿಲಿಂಡರ್ ಇನ್ನೊಂದು ಚಿಂತೆ. 200 ಬಾರ್ ಒತ್ತಡದಲ್ಲಿ ತುಂಬುವ ಗಾಳಿ ಒಣಗಿರಬೇಕು. ಕೈಪಂಪಿನಲ್ಲಿ ಮಳೆಗಾಲದ ಗಾಳಿಯನ್ನು ಒತ್ತಿದರೆ ಅದರ ಜೊತೆ ನೀರಿನಂಶವೂ ಒಳಹೋಗುತ್ತದೆ. ನಾವು ಸ್ಕೂಬಾ ಟ್ಯಾಂಕಿನಿಂದ ತುಂಬಿಸಿಕೊಳ್ಳುತ್ತೇವೆ. ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಮುಳುಗಲು ಹೋಗುವವರು ಬೆನ್ನಿಗೆ ಕಟ್ಟಿಕೊಳ್ಳುತ್ತಾರಲ್ಲ, ಅದೇ ಬಗೆಯ ಟ್ಯಾಂಕು. ಅದರಿಂದ ಪಿಸ್ತೂಲಿನ ಸಿಲಿಂಡರಿಗೆ ಗಾಳಿ ಹಾಯಿಸಲು ಅಡಾಪ್ಟರ್ ಬೇಕು. ಒಂದು ಕಂಪನಿಯದು ಇನ್ನೊಂದಕ್ಕೆ ಕೂಡುತ್ತದೆಂಬ ಖಾತರಿ ಇಲ್ಲ.

ನಮ್ಮ ರೇಂಜಿನಲ್ಲಿ ಸ್ಟೈಯರ್ ಬಳಸುವವರು ಹಲವರಿದ್ದರು. ಅಡಾಪ್ಟರ್ ಇತ್ತು, ಸೋರುವ ರಬ್ಬರ್ ಉಂಗುರ ಬದಲಿಸಲು ಬಿಡಿ ಉಂಗುರಗಳಿದ್ದವು. ಎಲ್ಲಕ್ಕಿಂತ ಮುಖ್ಯವಾಗಿ, ಅದನ್ನು ಬಿಚ್ಚಿ ಜೋಡಿಸಬಲ್ಲ ಕೋಚ್ ಇದ್ದರು. ಮೊರಿನಿ ಕೆಟ್ಟರೆ ವೈದ್ಯರು ಕೊರಿಯರ್ ಮಾಡಿ ದೂರದ ನಗರಕ್ಕೆ ಕಳುಹಿಸಿ ಕಾಯಬೇಕಾಗುತ್ತಿತ್ತು. ಅವರ ಬಳಿ ಇನ್ನೊಂದು ಪಿಸ್ತೂಲಿತ್ತು, ಕಾಯಬಲ್ಲವರಾಗಿದ್ದರು. ನನಗೆ ಇರುವುದು ಒಂದೇ ಆಗಲಿತ್ತು. ಮೊರಿನಿಯ ಟ್ರಿಗರ್ ಇಂದಿಗೂ ನನಗೆ ಹೆಚ್ಚು ಇಷ್ಟ. ಆದರೂ ಸ್ಟೈಯರ್ ಎಂದು ನಿರ್ಧರಿಸಿದೆ.

ಹೊಸದೋ ಹಳೆಯದೋ ಎಂಬುದು ಉಳಿದಿತ್ತು. ಬೆಂಗಳೂರಿನಲ್ಲಿ ಒಬ್ಬರು ಬಳಸಿದ ಎಲ್‌ಪಿ 10 ಅನ್ನು ಒಳ್ಳೆಯ ಬೆಲೆಗೆ ಕೊಡಲು ಸಿದ್ಧರಿದ್ದರು. ಕೋಚ್ ಹೇಳಿದ್ದರಿಂದ ಮೊದಲು ಸಿಲಿಂಡರಿನ ಮೇಲೆ ಕೊರೆದ ದಿನಾಂಕ ನೋಡಿದೆ. ತಯಾರಾದಂದಿನಿಂದ ಹತ್ತು ವರ್ಷ ಮಾತ್ರ ಅದನ್ನು ಬಳಸಬಹುದು. ಅವಧಿ ಮೀರಿದ ಸಿಲಿಂಡರ್ ಅಪಾಯಕಾರಿ, ಸ್ಪರ್ಧೆಯಲ್ಲಿ ಅದಕ್ಕೆ ಅವಕಾಶವೂ ಇಲ್ಲ. ಅವರ ಎರಡು ಸಿಲಿಂಡರುಗಳ ಪೈಕಿ ಒಂದರ ಅವಧಿ ಮುಗಿದಿತ್ತು, ಇನ್ನೊಂದರದು ಮುಗಿಯುವುದರಲ್ಲಿತ್ತು. ಹೊಸ ಸಿಲಿಂಡರುಗಳ ಬೆಲೆ ಸೇರಿಸಿದಾಗ ಉಳಿತಾಯ ಕರಗಿತು. ಮೇಲಾಗಿ ಅದರ ಹಿಡಿ ದೊಡ್ಡ ಅಳತೆಯದು, ಮಾಲೀಕರು ತಮ್ಮ ಅಂಗೈಗೆ ತಕ್ಕಂತೆ ಅಲ್ಲಲ್ಲಿ ಕೆತ್ತಿಸಿಕೊಂಡದ್ದು. ಆ ತಗ್ಗುಗಳಲ್ಲಿ ನನ್ನ ಬೆರಳುಗಳು ದಾರಿ ತಪ್ಪಿದವು. ಹೊಸದನ್ನೇ, ಚಿಕ್ಕ ಹಿಡಿಯೊಂದಿಗೆ ತರಿಸಿದೆ. ದೀಪಾವಳಿಗೆ ಮುಂಚೆ ಕೈ ಸೇರಿತು.

ಕೈ ಸೇರಿದ ಮೇಲೂ ಆಯ್ಕೆಯ ಕೆಲಸ ಮುಗಿಯಲಿಲ್ಲ, ನಿಜವಾಗಿ ಶುರುವಾದದ್ದು ಆಗಲೇ. ಕಾರ್ಖಾನೆಯ ಹಿಡಿ ಎಷ್ಟೇ ಚಿಕ್ಕದಾದರೂ ಅದು ಯಾವುದೋ ಸರಾಸರಿ ಕೈಗೆ ಮಾಡಿದ್ದು. ಹೆಬ್ಬೆರಳ ಬುಡದಲ್ಲಿ ನನಗೆ ಒತ್ತುತ್ತಿತ್ತು, ಉಂಗುರ ಬೆರಳಿನ ಕೆಳಗೆ ಖಾಲಿ ಉಳಿಯುತ್ತಿತ್ತು. ಕೋಚ್ ಹೇಳಿದಂತೆ ಅಭ್ಯಾಸದ ನಂತರ ಅಂಗೈಯಲ್ಲಿ ಕೆಂಪಾದ ಜಾಗಗಳನ್ನು ನೋಡಿ, ಹಿಡಿಯ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿಕೊಂಡೆ. ಒತ್ತುವ ಕಡೆ ಅರದಿಂದ ಉಜ್ಜಿದೆ, ಖಾಲಿ ಇರುವ ಕಡೆ ಬಡಗಿಗಳು ಬಳಸುವ ಮರದ ಪುಟ್ಟಿ ಮೆತ್ತಿದೆ, ಒಣಗಿದ ಮೇಲೆ ಉಪ್ಪುಕಾಗದ ಹಾಕಿದೆ. ಒಂದೇ ಸಲಕ್ಕೆ ಹೆಚ್ಚು ತೆಗೆಯಬಾರದು. ತೆಗೆದ ಮರ ಮತ್ತೆ ಬರುವುದಿಲ್ಲ. ಪ್ರತಿ ಸಲವೂ ಕಣ್ಣು ಮುಚ್ಚಿ ಎತ್ತುವ ಪರೀಕ್ಷೆ. ಬೇಸಿಗೆ ಬರುವ ಹೊತ್ತಿಗೆ ಹಿಡಿಯ ಮೇಲೆ ಬಣ್ಣ ಬಣ್ಣದ ತೇಪೆಗಳಿದ್ದವು. ಕೈಯೊಳಗೆ ಅದು ಅಲುಗಾಡದೆ ಕೂರುತ್ತಿತ್ತು.

ಈಗ ಯಾರಾದರೂ ಬೇರೆ ಕಂಪನಿಯ ಪಿಸ್ತೂಲ್ ಕೊಟ್ಟು ಹೊಡೆಯಲು ಹೇಳಿದರೆ ಹೊಡೆಯುತ್ತೇನೆ, ಗುಂಡುಗಳು ಚೆದುರುತ್ತವೆ. ಆ ಪಿಸ್ತೂಲಿನಲ್ಲಿ ಕೊರತೆಯಿಲ್ಲ. ನನ್ನ ಬೆರಳು ತನಗೆ ಗೊತ್ತಿರುವ ತಡೆಯನ್ನು ಅಲ್ಲಿ ಹುಡುಕುತ್ತದೆ, ಅದು ಕೂದಲೆಳೆಯಷ್ಟು ಆಚೆ ಇರುತ್ತದೆ. ಸ್ಟೈಯರಿನದೇ ಮುಂದಿನ ಮಾದರಿ ಇವೊ 10 ಹಿಡಿದಾಗಲೂ ಹಾಗೇ ಆಯಿತು. ಹಾಗಾದರೆ ನಾನು ನಿಷ್ಠಳಾಗಿರುವುದು ಕಂಪನಿಗಲ್ಲ, ಈ ಒಂದು ಪಿಸ್ತೂಲಿಗೆ. ಚಿಕ್ಕಪ್ಪ ತಮ್ಮ ಭುಜದ ಬಗ್ಗೆ ಹೇಳುವುದೂ ಇದನ್ನೇ. ಅವರೊಂದಿಗೆ ನನ್ನ ತಕರಾರು ಒಂದೇ ಕಡೆ. ಹೊಸಬರಿಗೂ ಅವರು ತಮ್ಮ ಕೋವಿಯನ್ನೇ ಶಿಫಾರಸು ಮಾಡುತ್ತಾರೆ. ನಾನು ಹಾಗೆ ಮಾಡುವುದಿಲ್ಲ. ರೇಂಜಿಗೆ ಹೊಸದಾಗಿ ಬಂದವರು ಯಾವುದು ಒಳ್ಳೆಯದೆಂದು ಕೇಳಿದರೆ ಮೊದಲು ಅವರ ಅಂಗೈ ನೋಡುತ್ತೇನೆ, ಮನೆ ಎಲ್ಲಿ ಎಂದು ಕೇಳುತ್ತೇನೆ, ಆ ಊರಲ್ಲಿ ಪಿಸ್ತೂಲ್ ಬಿಚ್ಚಬಲ್ಲವರು ಯಾರಿದ್ದಾರೆ ಎಂದು ವಿಚಾರಿಸುತ್ತೇನೆ. ಆಮೇಲೆ ನನ್ನದನ್ನು ಕೊಟ್ಟು, ವೈದ್ಯರದನ್ನೂ ಕೇಳಿ ಕೊಡಿಸಿ, ಕಣ್ಣು ಮುಚ್ಚಿ ಎತ್ತಲು ಹೇಳುತ್ತೇನೆ.

ಸದ್ಯ ಪೆಲೆಟ್‌ಗಳ ಪರೀಕ್ಷೆಯಲ್ಲಿದ್ದೇನೆ. ತಲೆಯ ಅಗಲ 4.49 ಮಿ.ಮೀ. ಇರುವುದು, 4.50 ಇರುವುದು ಎಂದು ಡಬ್ಬಿಗಳು ಬೇರೆ ಬೇರೆ ಬರುತ್ತವೆ. ಒಂದೊಂದು ನಳಿಕೆಗೆ ಒಂದೊಂದು ಹೊಂದುತ್ತದೆ. ಇಲ್ಲೂ ಪೆಲೆಟ್ ಕಂಪನಿಗಳ ಹೆಸರಲ್ಲಿ ಆರ್‌ಡಬ್ಲ್ಯೂಎಸ್ ಪಕ್ಷ, ಎಚ್ ಅಂಡ್ ಎನ್ ಪಕ್ಷ ಎಂದು ರೇಂಜಿನಲ್ಲಿ ಎರಡು ಪಂಗಡಗಳಿವೆ. ಎರಡೂ ಕಡೆಯವರಿಂದ ಒಂದೊಂದು ಡಬ್ಬಿ ಕೇಳಿ ತಂದಿದ್ದೇನೆ. ಪಿಸ್ತೂಲನ್ನು ಮೇಜಿಗೆ ಬಿಗಿದು, ಐದೈದು ಗುಂಡು ಹೊಡೆದು, ಯಾವುದು ಹತ್ತಿರ ಹತ್ತಿರ ಬೀಳುತ್ತದೆಂದು ಶನಿವಾರ ನೋಡಬೇಕು.